ಫ್ರಿಜ್ ಬಾಗಿಲಿನ ಚಾರ್ಟು

ನಮ್ಮ ಸೊಸೆ ಯಶಶ್ರೀ ಸ್ಕೂಲಲ್ಲಿ ಪಿ.ಟಿ. ಟೀಚರ್. ಅಲ್ಲಿ ಮಕ್ಕಳನ್ನು ಓಡಿಸಿದ್ದು ಸಾಲದೆ ಮನೇಲಿ ನನ್ನನ್ನೂ ಓಡಿಸೋಕೆ ಶುರು ಮಾಡಿದಳು.

ಒಂದು ದಿನ ಫ್ರಿಜ್ ಬಾಗಿಲಿಗೆ ಚಾರ್ಟು ಅಂಟಿಸಿದಳು. ಎಲ್ಲಾ ಇಂಗ್ಲಿಷು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಮೊದಲನೇ ವಾರ ಮೂಲೆ ಅಂಗಡಿಯಿಂದ ಕೊತ್ತಂಬರಿ ತನ್ನಿ ಅಂದಳು. ಎರಡನೇ ವಾರ ಗಾಂಧಿಬಜಾರಿಂದ ಹೂವು. ಮೂರನೇ ವಾರ ಅಲ್ಲಿಂದಲೇ ಚೀಲದ ತುಂಬ ತೆಂಗಿನಕಾಯಿ. ತಂದಾಗೆಲ್ಲ ಕೆಂಪು ಪೆನ್ನಲ್ಲಿ ಒಂದು ಟಿಕ್ಕು. ನಾಲ್ಕನೇ ವಾರ ಮಾತ್ರ ಕಮ್ಮಿ ಓಡಾಡಿ ಅಂದಳು. ಅತ್ತೇನ ಯಾಕೆ ಹೀಗೆ ದುಡಿಸ್ತೀಯ ಅಂತ ಬೀದೀಲಿ ಯಾರೋ ಕೇಳಿರಬೇಕು, ಹೆದರಿದಾಳೆ ಅಂದುಕೊಂಡೆ. ಐದನೇ ವಾರ ಮೊದಲಿಗಿಂತ ಜಾಸ್ತಿ. (ಬೆಳಿಗ್ಗೆ ಮೊಳಕೆ ಹೆಸರುಕಾಳು ಬೇರೆ. ಹಬ್ಬದ ಕುರಿಗೂ ಇಷ್ಟು ಉಪಚಾರ ಇಲ್ಲ.)

ನಮ್ಮ ಯಜಮಾನರು ತೀರಿಕೊಂಡು ವರ್ಷದ ಮೇಲಾಯಿತು. ಇದ್ದಾಗ ಒಂದು ಸೊಪ್ಪಿನ ಕಟ್ಟೂ ನನ್ನ ಕೈಲಿ ಹೊರಿಸಲಿಲ್ಲ. ಶಿವಗಂಗೆ ಬೆಟ್ಟ ಇಬ್ಬರೂ ನಡೆದು ಹತ್ತಿ ಕಾಯಿ ಒಡೀತೀವಿ ಅಂತ ಹರಕೆ ಹೊತ್ತಿದ್ದರು. ತೀರಿಸದೇ ಹೋದರು. ಅದಕ್ಕೆ ನಾನು ಅಳೋದು ಮನೆಯವರಿಗೆಲ್ಲ ಗೊತ್ತು. ಅಂಥವಳನ್ನು ಕೆಲಸದ ತಿಮ್ಮಕ್ಕನ ಜಾಗಕ್ಕೆ ಇಟ್ಟುಕೊಳ್ಳೋ ಸಂಚು ಇದು ಅಂತ ನನಗೆ ಖಾತ್ರಿಯಾಯಿತು.

ನಾನೂ ಸುಮ್ಮನಿರಲಿಲ್ಲ. ಎರಡನೇ ವಾರದಿಂದಲೇ ಹಿಂದಿನ ಬೀದಿ ವೆಂಕಟಾಚಲನ ಆಟೋ ಗೊತ್ತು ಮಾಡಿಕೊಂಡಿದ್ದೆ. ತಿರುವಲ್ಲಿ ಹತ್ತೋದು, ತಿರುವಲ್ಲೇ ಇಳಿಯೋದು. ಸೆರಗಲ್ಲಿ ಮುಖ ಒರೆಸಿಕೊಂಡು ಉಸ್ ಅಂತ ಒಳಗೆ ಬರೋದು. ಅವಳು ಖುಷಿಯಾಗಿ ಟಿಕ್ಕು ಹಾಕೋಳು.

ಎಂಟನೇ ವಾರ ಮುಗಿದ ಭಾನುವಾರ ತಿಮ್ಮಕ್ಕನ ಎದುರಿಗೇ ಕೇಳಿಬಿಟ್ಟೆ.

"ಇವಳನ್ನ ಯಾವಾಗ ಬಿಡಿಸ್ತೀಯಮ್ಮ?"

ಯಶಶ್ರೀ ನನ್ನ ಮುಖ ನೋಡಿದಳು. ಚಾರ್ಟು ಕಿತ್ತು ತಂದು ಕೊನೆ ಚೌಕದ ಮೇಲೆ ಬೆರಳಿಟ್ಟಳು.

"ಇದು ಶಿವಗಂಗೆ, ಅತ್ತೆ. ಮಾವನ ಹರಕೆ. ನಮ್ಮ ಕಬಡ್ಡಿ ಹುಡುಗೀರನ್ನ ಮ್ಯಾಚಿಗೆ ತಯಾರು ಮಾಡೋ ಹಾಗೇ ನಿಮ್ಮನ್ನೂ ಮಾಡಿದೆ. ಮೊದಲೇ ಹೇಳಿದ್ರೆ ಮಂಡಿನೋವು ಅಂತಿದ್ರಿ. ಬರೋ ಭಾನುವಾರ ಹತ್ತೋಣ. ಈ ವಾರ ಪೂರ್ತಿ ರೆಸ್ಟು."

ರೆಸ್ಟಂತೆ. ಏಳು ವಾರದಿಂದ ಅದನ್ನೇ ತಾನೇ ಮಾಡಿದ್ದು.

ಸೋಮವಾರ ಅವಳು ಏಳೋಕೆ ಮುಂಚೆ ಚೀಲಕ್ಕೆ ತೆಂಗಿನಕಾಯಿ ತುಂಬಿಕೊಂಡು ಕದ್ದು ಹೊರಟೆ. ತಿರುವಲ್ಲಿ ವೆಂಕಟಾಚಲ ಹತ್ತಿ ಅಮ್ಮ ಅಂದ. ಬೇಡಪ್ಪ, ನಡೀಬೇಕು, ನೀನು ಸುಮ್ಮನೆ ಹಿಂದೆ ಬಾ ಅಂದೆ. ಮೂರು ಕಡೆ ಕೂತು ಎದ್ದು, ಹೇಗೋ ಒಂದು ಸುತ್ತು ಹಾಕಿ ಬಂದೆ.

ಬಾಗಿಲಲ್ಲೇ ಯಶಶ್ರೀ ನಿಂತಿದ್ದಳು.

"ಎಲ್ಲಿಗೆ ಹೋಗಿದ್ರಿ ಅತ್ತೆ?"

ಹಾಲಿಗೆ ಅಂದೆ.

ಅವಳು ಚೀಲದಲ್ಲಿದ್ದ ಆರು ತೆಂಗಿನಕಾಯಿ ನೋಡಿದಳು. ಆಮೇಲೆ ನನ್ನ ಹಿಂದೆ ಗುರುಗುಟ್ತಾ ನಿಂತಿದ್ದ ಆಟೋ ನೋಡಿದಳು.