ಮುಖ್ಯ ಅತಿಥಿಗಳಿಗೆ ಐದು ಕೊಳವೆ

ಭಾಷಣ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಮುಗಿಸದವರ ಮೇಲೆ ಮಾತ್ರ ಇದೆ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ್ದರಿಂದ ಸರ್ವಾನುಮತದಿಂದ ಆಯ್ಕೆಯಾದವನು. ಬೇಲಾಪುರದ ಕಚೇರಿಯಲ್ಲಿ ನನ್ನ ಮಾತನ್ನು ಪ್ಯೂನ್ ಕೂಡ ಕೇಳುವುದಿಲ್ಲ, ಸಂಘದಲ್ಲಾದರೂ ಕೇಳಿಯಾರು ಎಂದು ಸೇರಿದೆ. ಅಲ್ಲಿಯೂ ಕೇಳಿಸಿಕೊಳ್ಳುವ ಕೆಲಸವೇ ನನ್ನ ಪಾಲಿಗೆ ಬಂತು.

ನಮ್ಮ ವಾರ್ಷಿಕೋತ್ಸವದ ಖಾಯಂ ಮುಖ್ಯ ಅತಿಥಿ ಠಾಣೆ ಪಟ್ಟಣದ ನೌಪಾಡಾದ ಹೋಟೆಲ್ ಮಾಲೀಕ ಶೆಟ್ಟರು. ಬಂಗಾರದಂಥ ಮನುಷ್ಯ. ಅಂದಿನ ಊಟವೆಲ್ಲ ಅವರ ಹೋಟೆಲಿನಿಂದಲೇ ಬರುತ್ತದೆ. ಅನ್ನ ಕೊಟ್ಟವರ ಕೈಯಿಂದ ಮೈಕು ಕಿತ್ತುಕೊಳ್ಳುವುದು ಹೇಗೆ? ಹಿಂದಿನ ವರ್ಷ ಅವರು ಊರಲ್ಲಿ ಬಸ್ಸು ಹತ್ತಿದ ಕಥೆ ಶುರುಮಾಡಿ ಠಾಣೆಯಲ್ಲಿ ಇಳಿಯುವಷ್ಟರಲ್ಲಿ ಹಾಲ್ ಮುಚ್ಚುವ ಎಂಟು ಗಂಟೆಯಾಗಿ, ಹಾಲ್‌ನ ವಾಚ್‌ಮನ್ ದೀಪ ಆರಿಸಿಬಿಟ್ಟಿದ್ದ. ಕೊನೆಯಲ್ಲಿದ್ದ ನನ್ನ ಮಗಳು ಶ್ರಾವ್ಯಾಳ ಡಾನ್ಸ್ ಹೋಯಿತು. ಗೆಜ್ಜೆ ಬಿಚ್ಚದೆ ರಿಕ್ಷಾದಲ್ಲಿ ಅಳುತ್ತಾ ಬಂದಳು. ಅಂದು ನನಗೆ ಶೆಟ್ಟರ ಊಟ ರುಚಿಸಲಿಲ್ಲ. ಈ ವರ್ಷವೂ ಅವಳದೇ ಕೊನೆಯ ಐಟಂ.

“ಪಪ್ಪಾ, ಇಸ್ ಬಾರ್ ಪಕ್ಕಾ ನಾ?” ಎಂದಳು.

“ಪಕ್ಕಾ, ಈ ಸಲ ಖಂಡಿತ” ಎಂದು ಎದೆ ತಟ್ಟಿಕೊಂಡೆ. ತಟ್ಟಿದ ಮೇಲೆ ಯೋಚನೆ ಶುರುವಾಯಿತು.

ಆಗ ಹೊಳೆದದ್ದು ಮದುವೆಗಳಲ್ಲಿ ಬಣ್ಣದ ಕಾಗದ ಹಾರಿಸುವ ಯಂತ್ರ. ಒಂದು ಗ್ಯಾಸ್ ಸಿಲಿಂಡರ್, ಐದು ಕೊಳವೆ, ಐದು ಬಟನ್. ಭಾಷಣ ಮುಗಿಯುವ ಸೂಚನೆ ಸಿಕ್ಕ ಕೂಡಲೇ ಐದನ್ನೂ ಒಂದರ ಹಿಂದೊಂದು ಹಾರಿಸಿದರೆ, ಆ ಸದ್ದಿನ ಮೇಲೆ ಮತ್ತೆ ಮಾತಾಡುವ ಗಂಡಸು ಯಾರು? ಸಮಿತಿಗೆ ಮಾತ್ರ ‘ಗೌರವಾರ್ಥ’ ಎಂದೆ. ಯಂತ್ರದ ಜೊತೆ ಪಕ್ಕದೂರು ಕಲ್ಯಾಣದಿಂದ ಬಂದ ದಪ್ಪ ಮೀಸೆಯ ಬಾಳೂಗೆ ಕನ್ನಡ ಬಾರದು. ಅವನಿಗೆ ಒಂದೇ ಪದ ಬಾಯಿಪಾಠ ಮಾಡಿಸಿದೆ: ‘ಕೊನೆಯದಾಗಿ’.

“ಟೆನ್ಶನ್ ನಕೋ ಸಾಹೇಬ್” ಎಂದು ಮರಾಠಿಯಲ್ಲೇ ಧೈರ್ಯ ಹೇಳಿದ.

ಇಪ್ಪತ್ತು ವರ್ಷ ಕನ್ನಡ ಭಾಷಣ ಕೇಳಿದ ನಾನು ಮರೆತದ್ದು ಇಷ್ಟೇ: ನಮ್ಮವರು ‘ಕೊನೆಯದಾಗಿ’ ಎನ್ನುವುದು ಮುಗಿಸಲಿಕ್ಕಲ್ಲ, ಉಸಿರು ತೆಗೆದುಕೊಳ್ಳಲಿಕ್ಕೆ.

ವಾರ್ಷಿಕೋತ್ಸವದ ದಿನ ಶೆಟ್ಟರ ಕಥೆಯ ಬಸ್ಸು ಇನ್ನೂ ಘಟ್ಟ ಹತ್ತಿರಲಿಲ್ಲ. ಶೆಟ್ಟರು “ಕೊನೆಯದಾಗಿ ಒಂದು ಮಾತು” ಎಂದರು. ಢಂ! ಒಂದೇ ಕೊಳವೆ ಹಾರಿತು. ಪದಕ್ಕೊಂದು ಬಟನ್ ಎಂದು ಬಾಳೂ ತಿಳಿದಿದ್ದ. ಜನ ಚಪ್ಪಾಳೆ ತಟ್ಟಿದರು. ಶೆಟ್ಟರು ಖುಷಿಯಾಗಿ ಮುಂದುವರಿಸಿದರು. ಎರಡನೆಯ ‘ಕೊನೆಯದಾಗಿ’ಗೆ ಕಾಗದ ಅವರ ಕನ್ನಡಕದ ಮೇಲೆ ಕೂತಿತು, ಮೂರನೆಯದಕ್ಕೆ ಬಾಯಿಗೇ ಹೋಯಿತು. ನಾಲ್ಕನೆಯದು ಹಾರಿದಾಗ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿತ್ತು. ಶೆಟ್ಟರು ಕೈಮುಗಿದು ಕೂತೇಬಿಟ್ಟರು. ಗಂಟೆ ಏಳೂ ಹತ್ತು!

“ಎಂಥ ಮರ್ಯಾದೆ ಮಾರಾಯ್ರೆ! ನನ್ನ ಭಾಷಣಕ್ಕೆ ಇಷ್ಟು ಚಪ್ಪಾಳೆ ಯಾವತ್ತೂ ಬಿದ್ದದ್ದಿಲ್ಲ” ಎಂದು ನನ್ನ ಕೈ ಕುಲುಕಿದರು.

ಗೆದ್ದವನ ಗತ್ತಿನಲ್ಲಿ ವಂದನಾರ್ಪಣೆಗೆ ಎದ್ದೆ. ಶೆಟ್ಟರಿಗೆ, ಸಮಿತಿಗೆ, ವಾಚ್‌ಮನ್‌ಗೆ, ಬಾಳೂಗೆ ವಂದಿಸಿದೆ. ಸಂಘ ಬೆಳೆದು ಬಂದ ದಾರಿಯನ್ನೂ ಸ್ವಲ್ಪ ಹೇಳಿದೆ. ಮೈಕು ಕೈಗೆ ಬಂದರೆ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಏಳೂಮುಕ್ಕಾಲಿಗೆ, ಪರದೆಯ ಸಂದಿಯಿಂದ ಗೆಜ್ಜೆಯ ಕಾಲೊಂದು ನೆಲಕ್ಕೆ ಬಡಿಯುವುದು ಕೇಳಿಸಿತು. ನಾನು ಗಂಟಲು ಸರಿಮಾಡಿಕೊಂಡು, “ಕೊನೆಯದಾಗಿ…” ಎಂದೆ.

ಬಾಳೂ ಪ್ರಾಮಾಣಿಕ ಮನುಷ್ಯ. ಐದನೆಯ ಕೊಳವೆ ನನ್ನ ಮುಖಕ್ಕೇ ಹಾರಿತು. ಆ ಬಣ್ಣದ ಕಾಗದದ ಮೇಲೆಯೇ ಶ್ರಾವ್ಯಾ ಪೂರ್ತಿ ಹತ್ತು ನಿಮಿಷ ಕುಣಿದಳು.