ಸುಮ್ಮನೆ ನಡೆದವನ ಪಾಡು

ಸುಮ್ಮನೆ ನಡೆಯುವುದು ಎಷ್ಟು ಕಷ್ಟದ ಕೆಲಸವೆಂಬುದು ನಲವತ್ತೊಂಬತ್ತು ವರ್ಷ ತುಂಬುವ ತನಕ ನನಗೆ ಗೊತ್ತಿರಲಿಲ್ಲ. ಕೆಲಸವಿದ್ದು ನಡೆದರೆ ಯಾರೂ ಏನೂ ಅನ್ನುವುದಿಲ್ಲ. ತ್ಯಾಗಲಿಯಲ್ಲಿದ್ದ ನನ್ನ ಅಜ್ಜ ಒಂದು ಚಿಟಿಕೆ ನಶ್ಯಕ್ಕಾಗಿ ಎರಡು ಹರದಾರಿ ನಡೆದುಬರುತ್ತಿದ್ದ. ನಶ್ಯ ಒಂದು ಕಾರಣ, ಜನ ಒಪ್ಪುತ್ತಿದ್ದರು. ಆದರೆ ಯಾರನ್ನೂ ನೋಡದೆ, ಏನನ್ನೂ ತರದೆ ಒಂದೂವರೆ ಮೈಲಿ ಹೋಗಿ ಅಷ್ಟೇ ದೂರ ಹಿಂದಿರುಗುವ ಮನುಷ್ಯನಿಗೆ ನಮ್ಮ ಸೀಮೆಯಲ್ಲಿ ಹೆಸರೇ ಇರಲಿಲ್ಲ. ಇದ್ದರೂ ಅದು ಶಾಲಾ ಮಾಸ್ತರನೊಬ್ಬ ಇಟ್ಟುಕೊಳ್ಳುವಂಥ ಹೆಸರಾಗಿರಲಾರದು.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ಎರಡು-ಮೂರು ವರ್ಷವಾಗಿತ್ತು. ನಾನು ಯಲ್ಲಾಪುರದಲ್ಲಿ ಮಾಸ್ತರನಾಗಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ವಾರ, ಶಾಲೆಯ ಏರು ಹತ್ತುವಾಗ ನನಗೆ ಉಬ್ಬಸ ಬರತೊಡಗಿತು. ನಡುವೆ ನಿಂತು, ಮರದ ಮೇಲಿನ ಹಕ್ಕಿ ನೋಡುವವನಂತೆ ನಟಿಸುತ್ತಿದ್ದೆ. ಹೆಂಡತಿ ಸಾವಿತ್ರಿಗೆ ಹೇಳಿದರೆ ಹೆದರಿಯಾಳೆಂದು, ಅಂಚೆಗೆ ಹೋಗಿಬರುತ್ತೇನೆ ಎಂದು ಸುಳ್ಳು ಹೇಳಿ ಡಾಕ್ಟರ ಬಳಿ ಹೋದೆ. ಅವರು ಧಾರವಾಡದ ಕಡೆಯವರು. ಎದೆಗೆ ನಳಿಗೆಯಿಟ್ಟು ಕೇಳಿ, "ಎದಿ ಛಲೋ ಅದ. ಹೊಟ್ಟಿ ಭಾಳ ಬೆಳದದ. ನಡೀರಿ" ಎಂದರು. ನಾನು ಕೈಮುಗಿದು ಹೊರಗೆ ಬಂದೆ. ಚಪ್ಪಲಿ ಮೆಟ್ಟುವಾಗ ಗೊಂದಲವಾಯಿತು: ಬಾಟಲಿಯಿಲ್ಲ, ಪುಡಿಯಿಲ್ಲ. ಮತ್ತೆ ಒಳಗೆ ಹೋಗಿ, "ಔಷಧ?" ಎಂದೆ. "ಹೇಳಿದ್ನಲ್ರಿ, ನಡೀರಿ" ಎಂದರು. ಸಿಟ್ಟು ಬಂದಿರಬೇಕೆಂದು ಮತ್ತೆ ಹೊರಗೆ ಬಂದೆ. ಮೂರನೆಯ ಸಲ ಹೋದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾಸ್ತರ, ದಿನಾ ಸಂಜಿಮುಂದ ಮೂರು ಮೈಲಿ ನಡೀರಿ ಅಂತ ಹೇಳಾಕತ್ತೀನಿ. ನನ್ನ ಖೋಲಿಗೆ ಒಳಗ-ಹೊರಗ ಅಲ್ಲ!"

ಹೀಗೆ ನಾನು, ಮನೆಯಲ್ಲಿ ಅಂಚೆಯ ಸುಳ್ಳನ್ನೇ ಮುಂದುವರಿಸಿ, ಅಂಕೋಲೆಯ ರಸ್ತೆ ಹಿಡಿದೆ. "ಎಲ್ಲಿಗೆ ಹೊರಟ್ರಿ?" ಎಂದು ಎಲ್ಲರೂ ಕೇಳುವವರೇ. "ಎಲ್ಲಿಗೂ ಇಲ್ಲ, ಸುಮ್ನೆ" ಎನ್ನುತ್ತಿದ್ದೆ. ಮಾಸ್ತರನ ಬಾಯಲ್ಲಿ ಈ ಮಾತನ್ನು ಯಾರು ನಂಬುತ್ತಾರೆ? ಮಕ್ಕಳ ಮೇಲೆ ದೂರು ಹೇಳಲು ಬಂದು, ಸಂಕೋಚದಿಂದ ದಾಟಿ ಹೋಗುತ್ತಿದ್ದೇನೆಂದು ದಾರಿಯ ಮನೆಗಳವರು ತಿಳಿದರು. ಒಳಗೆ ಕರೆದು, ಬೆಲ್ಲದ ಚಹಾ ಕೊಟ್ಟು, ಅವಲಕ್ಕಿ ಮುಂದಿಟ್ಟು, "ಹೇಳಿ ಮಾಸ್ತರ್ರೆ, ನಮ್ಮನೆ ಕೂಸು ಎಂತ ಮಾಡ್ತು?" ಎಂದು ಕೇಳುವರು. ತಿಂದ ಮೇಲೆ ಏನಾದರೂ ಹೇಳಲೇಬೇಕಲ್ಲ? "ಅಕ್ಷರ ಸ್ವಲ್ಪ ಸೊಟ್ಟ" ಎಂದೆ ಒಂದು ಮನೆಯಲ್ಲಿ. ಮರುದಿನ ಆ ಮನೆಯ ಹುಡುಗಿ ತರಗತಿಯಲ್ಲಿ ನನ್ನನ್ನು ನೋಡಿದ ನೋಟವನ್ನು ಈಗಲೂ ಮರೆತಿಲ್ಲ. ಇತ್ತ ಹೊಟ್ಟೆಯೂ ಕರಗಲಿಲ್ಲ.

ಆಮೇಲೊಂದು ಸಂಜೆ ಮರದ ನಾಟಾ ತುಂಬಿದ ಲಾರಿಯೊಂದು ಪಕ್ಕದಲ್ಲೇ ನಿಂತಿತು. ನಡೆಸುತ್ತಿದ್ದವನು ನಮ್ಮ ಪೇಟೆಯ ಹುಸೇನ್ ಸಾಬ. "ಹತ್ತಿ ಮಾಸ್ತರ್ ಸಾಬ್! ನಮ್ಮ ಲಾರಿ ಇರುವಾಗ ನೀವು ನಡೆಯೋದಾ?" ಬೇಡವೆಂದರೆ ಅವನಿಗೆ ನೋವು. ಹತ್ತಿದೆ. ಎಲ್ಲಿ ಇಳಿಯುವುದೆಂದು ತಿಳಿಯದೆ ಎರಡು ಮೈಲಿ ಕಳೆದ ಮೇಲೆ ದಟ್ಟ ಕಾಡಿನ ನಡುವೆ, "ಇಲ್ಲೇ ಸಾಕು" ಎಂದೆ. "ಇಲ್ಲಿ ಯಾರ ಮನೆ ಇದೆ?" ಎಂದು ಕೇಳಿದ. "ಯಾರದ್ದೂ ಇಲ್ಲ." ಅವನು ನನ್ನ ಮುಖವನ್ನೇ ನೋಡಿದ. ಎದುರಿನಿಂದ ಊರಿಗೆ ಬರುತ್ತಿದ್ದ ಇನ್ನೊಂದು ಲಾರಿಯವನ ಕೈಲಿ ನನ್ನ ಮನೆಗೆ ಸುದ್ದಿ ಕಳಿಸಿಬಿಟ್ಟನಂತೆ: ಮಾಸ್ತರಿಗೆ ಏನೋ ಆಗಿದೆ, ಒಬ್ಬರೇ ಕಾಡಿನಲ್ಲಿ ಇಳಿದರು.

ನಾನು ಮನೆ ಮುಟ್ಟಿದಾಗ ಸಾವಿತ್ರಿ ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. "ಎಂತ ಆಜು ನಿಂಗಕ್ಕೆ? ಎನ್ನ ಮೇಲೆ ಸಿಟ್ಟು ಬಂಜಾ?" ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ಉಬ್ಬಸ, ಡಾಕ್ಟರು, ಅಂಚೆಯ ಸುಳ್ಳು, ಎಲ್ಲ ಒಪ್ಪಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಅಷ್ಟೇಯಾ? ನಾಳೆಯಿಂದ ಆನೂ ಬತ್ತೆ. ಇಬ್ರು ಹೋದ್ರೆ ಯಾರೂ ಕೇಳ್ತ್ವಿಲ್ಲೆ" ಎಂದಳು.

ನಿಜವಾಗಿಯೂ ಯಾರೂ ಕೇಳಲಿಲ್ಲ. ಗಂಡಹೆಂಡತಿ ಯಾರದೋ ಮನೆಯ ದೇವಕಾರ್ಯಕ್ಕೆ ಹೊರಟಿದ್ದಾರೆಂದು ಭಾವಿಸಿರಬೇಕು. ನಾನು ಮುಂದೆ ನಡೆಯುತ್ತ, ನಡಿಗೆಯಿಂದ ಆಗುವ ಲಾಭಗಳನ್ನು ತರಗತಿಯಲ್ಲಿ ಹೇಳುವಂತೆ ಹೇಳುತ್ತ ಹೋದೆ. ಉತ್ತರ ಬಾರದಿದ್ದಾಗ ತಿರುಗಿ ನೋಡಿದರೆ ಸಾವಿತ್ರಿ ಇಲ್ಲ. ಬಹಳ ಹಿಂದೆ, ಮೋರಿಯ ಕಟ್ಟೆಯ ಮೇಲೆ ಪಕ್ಕೆ ಹಿಡಿದು ಕೂತಿದ್ದಳು. ತುಟಿ ಬಿಳಚಿಕೊಂಡಿತ್ತು. ಓಡಿಬಂದೆ. "ಎಂತ ಆತು?"

"ಎಂತದೂ ಇಲ್ಲೆ. ಬಾವಿಯಿಂದ ನೀರು ಹೊತ್ತು ತಪ್ಪಕಾದ್ರೂ ಹಿಂಗೇ ಆಗ್ತು."

"ಯಾವಾಗಿಂದ?"

"ಮಳೆಗಾಲ ಹಿಡಿದಾಗಿಂದ."

ನಾನು ಅವಳ ಪಕ್ಕ ಕೂತೆ. ನನ್ನ ಉಸಿರಿನ ಸದ್ದು ಒಂದೇ ವಾರದಲ್ಲಿ ನನ್ನನ್ನು ಡಾಕ್ಟರ ತನಕ ಓಡಿಸಿತ್ತು. ಅದೇ ಮನೆಯಲ್ಲಿ ಐದು ತಿಂಗಳಿಂದ ಏದುಸಿರು ಬಿಡುತ್ತಿದ್ದ ಇನ್ನೊಬ್ಬಳ ಸದ್ದು ನನ್ನ ಕಿವಿಗೆ ಯಾಕೆ ಬೀಳಲಿಲ್ಲ?

ಮರುದಿನ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತನ ಇಲ್ಲ. ದಿನಾ ಏನ್ ಕೆಲಸ ಮಾಡ್ತೀರಿ ತಾಯಿ?" ಎಂದರು. "ಎಂತದೂ ಇಲ್ಲೆ, ಮನೆಲೇ ಇರ್ತೆ" ಎಂದಳು. ಅವರು ನನ್ನತ್ತ ತಿರುಗಿದರು. ನನಗೂ ಗೊತ್ತಿರಲಿಲ್ಲ. ಅಲ್ಲೇ ಕೂರಿಸಿ ಲೆಕ್ಕ ಮಾಡಿಸಿದರು: ಬಾವಿಗೆ ಎಷ್ಟು ಸಲ, ಕೊಟ್ಟಿಗೆಗೆ ಎಷ್ಟು ಸಲ, ಹಿತ್ತಲಿಗೆ ಎಷ್ಟು. ಲೆಕ್ಕದ ಮಾಸ್ತರನಾದ ನಾನೇ ಕೂಡಿಸಿದೆ. ಮಧ್ಯಾಹ್ನದೊಳಗೇ ಮೂರು ಮೈಲಿ ದಾಟಿತು. "ಇವರಿಗೆ ಟಾನಿಕ್, ಸೊಪ್ಪು, ವಿಶ್ರಾಂತಿ. ಇವರ ನಡಿಗಿ ಇನ್ನ ನೀವ ನಡೀರಿ" ಎಂದರು ಡಾಕ್ಟರು.

ಅಂದಿನಿಂದ ನೀರು ಸೇದುವವನು ನಾನು. ಬಾವಿಯ ಹತ್ತಿರ ನನ್ನನ್ನು ಕಂಡ ಹೆಂಗಸರು ಮೊದಮೊದಲು ಕೊಡ ಬಿಟ್ಟು ಸರಿದು ನಿಲ್ಲುತ್ತಿದ್ದರು. ಈಗ ನನ್ನಿಂದಲೇ ಹಗ್ಗ ಎಳೆಸಿಕೊಳ್ಳುತ್ತಾರೆ. ಶಿವರಾತ್ರಿಯ ಹೊತ್ತಿಗೆ ಸಾವಿತ್ರಿಯ ಮುಖಕ್ಕೆ ಬಣ್ಣ ಬಂತು, ನನ್ನ ಅಂಗಿಯ ಗುಂಡಿಗಳು ತಾವಾಗಿ ಸೇರಿದವು. ಆದರೂ ಒಂದು ಸಂದೇಹ ಉಳಿದಿದೆ. ಒಲೆ ಊದುವ ಕೆಲಸ ಇನ್ನೂ ಅವಳದ್ದೇ. ಅದನ್ನೂ ನಾನೇ ಮಾಡಿದರೆ ನನ್ನ ಉಬ್ಬಸಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಡಾಕ್ಟರನ್ನು ಕೇಳಬೇಕು. ಕೇಳಿಲ್ಲ. ಅವರು ಒಳ್ಳೆಯದು ಅಂದುಬಿಟ್ಟರೆ?