ಪರದೆಯ ಮೇಲೆ ಒಂಟೆ, ನೂಲಿನಲ್ಲಿ ಎತ್ತು

ಕಂಪ್ಯೂಟರಿಗೇ ಬುದ್ಧಿ ಕಲಿಸಿದವರು ಯಾರಾದರೂ ಇದ್ದರೆ ಅದು ಜೋರಾಪುರ ಪೇಟೆಯ ನಮ್ಮ ಚಿಗವ್ವ! ನಂಬದಿದ್ದರೆ ನನ್ನ ಹಳೇ ಲ್ಯಾಪ್‌ಟಾಪನ್ನೇ ಕೇಳಿ. ಆಕೆಯ ಮನೆ ಸೇರಿದ ಮೇಲೆ ಅದು ಬೈಗುಳ ತಿನ್ನದ ದಿನವಿಲ್ಲ.

ಚಿಗವ್ವ ಎಡಚಿ. ಊಟ ಬಡಿಸುವಾಗ ಹೇಗೋ ಬಲಗೈ, ಕ್ರೋಶಾ ಸೂಜಿ ಹಿಡಿದರೆ ಮಾತ್ರ ಎಡಗೈಯೇ. ಟಿಕೋಟದಲ್ಲಿರುವ ಆಕೆಯ ಅತ್ತೆಗೆ, ನಾವೆಲ್ಲ ಆಯಿ ಎನ್ನುವ ಮುದುಕಿಗೆ, ಇದು ಸೇರದು. ಮೂವತ್ತು ವರ್ಷ ತೋರಣ, ಕುಲಾವಿ ಏನು ಹೆಣೆದು ಕೊಟ್ಟರೂ ಆಯಿಯದು ಒಂದೇ ಮಾತು: “ಎಡಗೈಲೆ ಮಾಡಿದ್ದು, ಇರ್ಲಿ ಬಿಡು.” ಆ ‘ಇರ್ಲಿ ಬಿಡು’ ಚಿಗವ್ವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಒಮ್ಮೆಯಾದರೂ ಆಯಿಯ ಬಾಯಲ್ಲಿ ‘ಚಲೋ ಆಗೇತಿ’ ಅನ್ನಿಸಿಯೇ ತೀರಬೇಕೆಂದು ಹಟ ತೊಟ್ಟಳು.

ಅದಕ್ಕೆ ಆಕೆ ಆರಿಸಿದ್ದು ಒಂದು ಎತ್ತನ್ನು! ಆಯಿ ಮದುವೆಯಾಗಿ ಬಂದಾಗ ಬಬಲೇಶ್ವರದ ತವರಿನವರು ಕೊಟ್ಟು ಕಳಿಸಿದ ಬಿಳಿ ಎತ್ತು. ಒಂದು ಕೋಡು ಸೊಟ್ಟ. ಅದು ಸತ್ತು ಎಷ್ಟೋ ಕಾಲವಾದರೂ ಆಯಿ ಅದರ ಗುಣಗಾನ ಬಿಟ್ಟಿಲ್ಲ. ಅದರ ಕಪ್ಪು-ಬಿಳುಪು ಫೋಟೊ ಒಂದಿತ್ತು. ಅದನ್ನು ಕ್ರೋಶಾದಲ್ಲಿ ಹೆಣೆಯಲು ನಕ್ಷೆ ಬೇಕಲ್ಲ? ಚಿಗವ್ವನಿಗೆ ಸಿಕ್ಕಿದ್ದು ಕ್ರಾಸ್‌ಸ್ಟಿಚ್ ಕಸೂತಿಯ ಸಾಫ್ಟ್‌ವೇರ್. ಫೋಟೊ ಕೊಟ್ಟರೆ ಸಣ್ಣ ಸಣ್ಣ ಚೌಕದ ಮನೆಗಳಾಗಿ ಒಡೆದು ಕೊಡುತ್ತದೆ.

“ಇದು ಕ್ರೋಶಾಕ್ಕಲ್ಲ ಚಿಗವ್ವಾ,” ಎಂದೆ.

“ಅಲ್ಲೂ ಮನಿ, ಇಲ್ಲೂ ಮನಿ. ಏನ್ ಫರಕ್ಕಲೇ?”

ಫರಕು ಮೊದಲು ಗೊತ್ತಾಗಿದ್ದು ಗಾಂಧಿ ಚೌಕದ ಉಲ್ಲನ್ ಅಂಗಡಿಯಲ್ಲಿ. ಸಾಫ್ಟ್‌ವೇರ್ ಆ ಒಂದು ಎತ್ತಿಗೆ ಮೂವತ್ತೊಂದು ಬಗೆಯ ಬಿಳಿ ಕೇಳಿತ್ತು! ಪಟ್ಟಿ ನೋಡಿದ ಅಂಗಡಿಯವ ಕೈಮುಗಿದ: “ಅಕ್ಕಾರ, ಬಿಳಿ ಅಂದ್ರ ಬಿಳೀನರಿ. ಇಷ್ಟು ಬಿಳಿ ದೇವರ ಹತ್ರಾನೂ ಇರಾಕಿಲ್ಲ!” ಚಿಗವ್ವ ಮನೆಗೆ ಬಂದು ಲ್ಯಾಪ್‌ಟಾಪಿಗೆ ಉಗಿದು, ನಾಲ್ಕೇ ಬಣ್ಣಕ್ಕೆ ಇಳಿಸಿದಳು.

ಮೊದಲ ಎತ್ತು ತಯಾರಾಯಿತು. ಚಿಗವ್ವನ ಗಂಡ, ನಮ್ಮ ಕಾಕಾ, ಕನ್ನಡಕ ಏರಿಸಿ ನೋಡಿ, “ಇದು ನಿಂತೈತೋ, ಕುಂತೈತೋ?” ಎಂದರು. ಎರಡು ದಿನ ಅವರಿಗೆ ಪಲ್ಯ ಇಲ್ಲ, ಬರೀ ರೊಟ್ಟಿ! ಆದರೆ ಕಾಕಾ ಹೇಳಿದ್ದು ಸುಳ್ಳಲ್ಲ. ಪರದೆಯ ಮೇಲಿನ ಮನೆ ಸರಿಯಾದ ಚೌಕ. ಕ್ರೋಶಾದ ಹೆಣಿಗೆ ಅಗಲ ಹೆಚ್ಚು, ಎತ್ತರ ಕಡಿಮೆ. ಎತ್ತು ಹಂದಿಯಂತೆ ಕುಸಿದಿತ್ತು.

ಚಿಗವ್ವ ಬಿಟ್ಟಾಳೆಯೇ? ಅಂಗೈಯಷ್ಟು ತುಂಡು ಹೆಣೆದು, ಟೇಪು ಹಿಡಿದು ಅಳೆದು, ಅದೇ ಲೆಕ್ಕಕ್ಕೆ ಚಿತ್ರವನ್ನು ಪರದೆಯಲ್ಲಿ ಉದ್ದಕ್ಕೆ ಎಳೆದಳು.

“ಚಿಗವ್ವಾ, ಇದು ಒಂಟೆ ಆತಲ್ಲ!” ಎಂದೆ.

“ಕಂಪ್ಯೂಟರಿನ್ಯಾಗ ಒಂಟಿ ಆಗ್ಲಿ, ನೂಲಿನ್ಯಾಗ ಎತ್ತು ಆಗ್ತೈತಿ. ನೋಡ್ಕೋತ ಇರು!”

ಆಯಿತು ನೋಡಿ! ನೊಗ ಹೊರಿಸಬಹುದು, ಅಂಥ ಎತ್ತು. ಟಿಕೋಟಕ್ಕೆ ಹೊರಟೆವು. ಆಯಿ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

“ಇದು ಯಾರ ಎತ್ತು? ನಮ್ಮದರದು ಬಲಕೋಡು ಸೊಟ್ಟ. ಇದರದು ಎಡಕೋಡು.”

ಹೌದಲ್ಲ! ನಕ್ಷೆ ಬಲಗೈಯವರಿಗೆ ಮಾಡಿದ್ದು. ನಕ್ಷೆಯನ್ನು ಬಲತುದಿಯಿಂದ ಓದುತ್ತಾ ಎಡಚಿ ನೂಲನ್ನು ಎಡತುದಿಯಿಂದ ಹೆಣೆಯುತ್ತಾ ಹೋದದ್ದಕ್ಕೆ ಚಿತ್ರವೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿತ್ತು.

“ಎಡಗೈಲೆ ಮಾಡಿದ್ದು,” ಎಂದಳು ಆಯಿ. “ಇರ್ಲಿ ಬಿಡು.”

ಬಸ್ಸಿನಲ್ಲಿ ಚಿಗವ್ವ ಬೆರಳಲ್ಲೇ ಮನೆ ಎಣಿಸುತ್ತಾ ಕುಳಿತಳು. ಊರು ಬಂದಾಗ ಒಮ್ಮೆಲೇ ನನ್ನ ತೋಳು ಹಿಂಡಿದಳು: “ಇಷ್ಟು ವರ್ಷ ಎಲ್ಲಾರೂ ನನಗ ಬದಲಾಗು ಅಂದ್ರು. ಈಗ ನಕ್ಷಾನ ಬದಲಾಗ್ಲಿ!” ಮನೆಗೆ ಹೋದವಳೇ ಒಂದು ಗುಂಡಿ ಒತ್ತಿ ಚಿತ್ರವನ್ನು ತಿರುಗಿಸಿದಳು. ಕಂಪ್ಯೂಟರೇ ಎಡಚನಾಯಿತು!

ಮೂರು ತಿಂಗಳಿಗೆ ಹೊಸ ಎತ್ತಿನ ಜೊತೆ ಮತ್ತೆ ಟಿಕೋಟ. ಆಯಿಯ ಬೆರಳು ಸೊಟ್ಟ ಬಲಕೋಡಿನ ಮೇಲೆ ಓಡಾಡಿತು. ಆಮೇಲೆ ಕೊರಳಿಗೆ ಇಳಿದು ನಿಂತಿತು.

“ಇಲ್ಲೆ ತುರಿಸಿದ್ರ ಕಣ್ಣು ಮುಚ್ಚತಿತ್ತು,” ಎಂದಳು.

ಚಿಗವ್ವ ಆಯಿಯ ಬಾಯನ್ನೇ ನೋಡುತ್ತಾ ಕಾಯುತ್ತಿದ್ದಳು. ‘ಚಲೋ ಆಗೇತಿ’ ಬರಲೇ ಇಲ್ಲ.

“ಕೈ ತಾ ಇಲ್ಲೆ,” ಎಂದಳು ಆಯಿ.

ಮೂವತ್ತು ವರ್ಷದ ಅಂಜಿಕೆ ನೋಡಿ, ಚಿಗವ್ವ ಬಲಗೈ ಚಾಚಿದಳು.

“ಅದಲ್ಲ ಬೇ. ಎತ್ತು ಮಾಡಿದ ಕೈ!”

ಆ ಎಡಗೈ ಹಿಡಿದು ಆಯಿ ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಕಂಪ್ಯೂಟರನ್ನೂ ಬಿಡದೆ ಬೈಯುವ ನಮ್ಮ ಚಿಗವ್ವ ಅವತ್ತು ಮನೆಗೆ ಬಂದವಳೇ ಲ್ಯಾಪ್‌ಟಾಪನ್ನು ಸೆರಗಿನಿಂದ ಒರೆಸಿಟ್ಟಳು.